ಶಹಾಬಾದ್ ಕಲ್ಲಿನ ಮೇಲೆ ಕಾರವಾರದ ಕಡಲು

"ಪೇಂಟ್ ಹಚ್ಚಾವ ಇಲ್ಲಿ ಬ್ರಷ್ ಒರಸಿ ಹೋಗ್ಯಾನೇನವಾ?"

ಸೇಡಂನ ನಮ್ಮ ಹಾಲ್‌ಗೆ ಕಾಲಿಟ್ಟ ಶರಣಪ್ಪ ಮಾಮಾ ಗೋಡೆ ನೋಡಿ ಕೇಳಿದ ಮೊದಲ ಪ್ರಶ್ನೆ ಇದು. ಮಾಮಾ ಶಹಾಬಾದ್‌ನಲ್ಲಿ ಮೂವತ್ತು ವರ್ಷ ನೆಲಕ್ಕೆ ಹಾಸುವ ಕಲ್ಲು ಪಾಲಿಶ್ ಮಾಡಿದವರು. ಮನಸ್ಸಿಗೆ ಬಂದದ್ದು ನೇರ ಬಾಯಿಗೆ!

ಗೋಡೆಯ ಮೇಲಿದ್ದದ್ದು ಗೆಳತಿ ಶೋಭಾ ಕೊಟ್ಟ ಬಣ್ಣದ ಕಲ್ಲಚ್ಚಿನ ಚಿತ್ರ. ಅವಳು ಕಲಾವಿದೆ. ಒಂದು ತಿಂಗಳು ಕಾರವಾರದಲ್ಲಿದ್ದು ಬಂದು ಮಾಡಿದ ಕಡಲು. ಮೂರು ಬಗೆಯ ನೀಲಿಯ ಮೂರು ಪಟ್ಟಿ, ಅಂಚಿಗೊಂದು ಕೇಸರಿ ಮಚ್ಚೆ. (ದೋಣಿಯೋ ಸೂರ್ಯನೋ, ಕೇಳಲು ನನಗೆ ಧೈರ್ಯವಿಲ್ಲ.)

"ಮಾಮಾ, ಮಾಡಿದಾಕಿ ಈಗ ಊಟಕ್ಕ ಬರ್ಲಿಕತ್ತಾಳ. ಆಕಿ ಮುಂದ ಹೀಂಗ ಅನಬ್ಯಾಡ್ರಿ!"

ಮಾಮಾ ಅದನ್ನೇ ಅಂದೇಬಿಟ್ಟರು. ಶೋಭಾ ಚಪ್ಪಲಿ ಬಿಡುವ ಮೊದಲೇ! ನನ್ನ ಮುಖ ಹೇಗಾಗಿರಬೇಕು, ಹೇಳಿ?

ಅವಳು ನಕ್ಕಳು. "ಬ್ರಷ್ ಅಲ್ರಿ ಮಾಮಾ, ಕಲ್ಲು. ಸುಣ್ಣದಕಲ್ಲು ನುಣ್ಣಗ ತಿಕ್ಕಿ, ಜಿಡ್ಡಿನ ಬಳಪದಿಂದ ಬರೀತೀನಿ. ನೀರು ಹಚ್ಚಿ ಬಣ್ಣ ಉರುಳಿಸಿದ್ರ ಜಿಡ್ಡಿದ್ದಲ್ಲೇ ಹಿಡೀತದ. ಮ್ಯಾಲೆ ಕಾಗದ ಇಟ್ಟು ಒತ್ತೋದು. ಒಂದೊಂದು ಬಣ್ಣಕ್ಕೂ ಮತ್ತ ತಿಕ್ಕಬೇಕು."

ಮಾಮಾ ಚಸ್ಮಾ ಹಾಕಿಕೊಂಡು ಚಿತ್ರದ ಹತ್ತಿರ ಹೋದರು. ಬಣ್ಣ ಎಣಿಸಿದರು.

"ನಾಕು ಸಲ ತಿಕ್ಕೀಯಾ? ಕೈಲೆ?"

"ಕೈಲೇರಿ."

"ಕಲ್ಲು ಎಲ್ಲಿಂದು?"

"ಪರದೇಶದ್ದು. ಸವದು ತೆಳ್ಳಗಾಗ್ಯದ. ಇನ್ನೊಮ್ಮೆ ಒತ್ತಿದ್ರ ಒಡೀತದ. ಹೊಸಾದು ಸಿಗವಲ್ದು. ಈ ಕೆಲಸಾನೇ ಬಿಡಬೇಕು ಅಂತ ಮಾಡೀನಿ."

ಇದನ್ನು ಅವಳು ನನಗೂ ಹೇಳಿರಲಿಲ್ಲ.

ಮಾಮಾಗೆ ಸಿಟ್ಟೇ ಬಂತು. "ಶಹಾಬಾದ್ ಕಲ್ಲೂ ಸುಣ್ಣದಕಲ್ಲೇ. ಅದನ್ನ ಮಗ್ಗಲಾಗ ಇಟ್ಕೊಂಡು ಪರದೇಶದ ಕಲ್ಲಿಗಿ ಅಳ್ತೀಯೇನವಾ? ಏಳು!"

ಏಳುವುದೇನು, ಊಟವೇ ಆಗಿರಲಿಲ್ಲ. ಹಿಡಿದು ಕೂರಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದೆ. ಕೈ ತೊಳೆದದ್ದೇ ತಡ, ಇಬ್ಬರೂ ಶಹಾಬಾದ್ ಬಸ್ ಹಿಡಿಯಲು ಬಸ್‌ಸ್ಟ್ಯಾಂಡ್‌ಗೆ ಹೊರಟರು.

ಅಲ್ಲಿಂದ ಶೋಭಾಳ ಅಚ್ಚಿನ ಕೋಣೆಗೆ ತಂದ ಮೊದಲ ಎರಡು ಕಲ್ಲುಗಳಲ್ಲಿ ಒತ್ತಿದಾಗ ಬಣ್ಣವೆಲ್ಲ ಕಲಸಿಹೋಯಿತಂತೆ. ಶೋಭಾ ಸಾಕು ಅಂದಳು. ಮಾಮಾ ಬಿಡಲಿಲ್ಲ. ಬೆರಳಲ್ಲಿ ಸವರಿ ಸವರಿ ಮೂರನೆಯದನ್ನು ಆರಿಸಿದರು. ಎರಡು ದಿನ ತಾವೇ ಕುಳಿತು ತಿಕ್ಕಿದರು, ಮೊಣಕಾಲು ನೋವು ಬೈದುಕೊಳ್ಳುತ್ತ.

ಮೊನ್ನೆ ಮಾಮಾ ಫೋನ್ ಮಾಡಿದರು. "ಕಾರವಾರದ ಕಡಲು ನಮ್ಮ ಕಲ್ಲಿನ ಮ್ಯಾಲೆ ಬಂತವಾ! ನೀಲಿ ಸ್ವಲ್ಪ ತೆಳು ಆಗ್ಯದ. ಆದ್ರ ಬಂತು!" ಹಿಂದೆ ಶೋಭಾ ಜೋರಾಗಿ ನಗುತ್ತಿದ್ದಳು. ಕೆಲಸ ಬಿಡುವ ಮಾತು ಈಗ ಆಡುತ್ತಿಲ್ಲ.

ಮಾಮಾ ಮುಂದಿನ ಚಿತ್ರಕ್ಕೆ ಆಗಲೇ ಕಲ್ಲು ಹುಡುಕುತ್ತಿದ್ದಾರೆ. ಇಷ್ಟು ವರ್ಷ ಆ ಕೈಗಳಿಗೆ ನಾವು ಬರೀ ನೆಲದ ಕೆಲಸ ಕೊಟ್ಟೆವಲ್ಲ, ಯಾಕೆ?