ತಂಬಿಗೆಯ ಮೇಲಿನ ‘ಡಾ.’

ದೂರಶಿಕ್ಷಣದಲ್ಲಿ ನನ್ನ ಪಿಎಚ್.ಡಿ. ಮುಗಿದಾಗ ನನಗಿಂತ ಹೆಚ್ಚು ಹಿಗ್ಗಿದವಳು ಅವ್ವ. ನಮ್ಮ ಕಡೆ ಮದುವೆಗೆ ಸ್ಟೀಲ್ ಪಾತ್ರೆ ಕೊಡುವವರು ಅದರ ಮೇಲೆ ತಮ್ಮ ಹೆಸರು ಕೊರೆಸುತ್ತಾರೆ. ಅಲ್ಲಿಂದ ಮುಂದೆ ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಿಯ ಮದುವೆಯಾದರೂ ಅವ್ವ ನನ್ನ ಹೆಸರಲ್ಲೇ ಪಾತ್ರೆ ಕೊಟ್ಟಳು, ಹೆಸರಿನ ಮುಂದೆ ‘ಡಾ.’ ಕೊರೆಸಿ. ಬೇಡವೆಂದರೆ ಕೇಳುವವಳಲ್ಲ.

ಕಾಯಂ ಉಪನ್ಯಾಸಕಿ ಹುದ್ದೆಗೆ ದಾಖಲೆ ಪರಿಶೀಲನೆ ಇತ್ತು. ಅಲ್ಲಿದ್ದ ಗುಮಾಸ್ತ ನನ್ನ ಪದವಿ ಪತ್ರವನ್ನು ಒಮ್ಮೆ ನೋಡಿ ಹಿಂದಕ್ಕೆ ಸರಿಸಿದ. “ದೂರಶಿಕ್ಷಣದ್ದು ನಡಿಯೂದಿಲ್ರಿ ಮೇಡಂ.” ಪ್ರಬಂಧಕ್ಕೆಂದು ಸಾಲೋಟಗಿಯ ಓಣಿಗಳಲ್ಲಿ ಬಿಸಿಲಿಗೆ ತಿರುಗಿ, ಮುದುಕಿಯರ ಎದುರು ಕೂತು ಬೀಸುಕಲ್ಲಿನ ಹಾಡು ಬರೆದುಕೊಂಡದ್ದು ದೂರದಿಂದೇನೂ ಅಲ್ಲವಲ್ಲ ಎಂದು ಬಾಯಿಗೆ ಬಂತು. ಪತ್ರವನ್ನು ಚೀಲಕ್ಕೆ ಹಾಕಿಕೊಂಡೆ. ಬಸ್ಸು ಹತ್ತಿ ಸಿಂದಗಿಯ ಮನೆಗೆ ಬಂದೆ.

ಅವ್ವ ಎಲ್ಲ ಕೇಳಿಸಿಕೊಂಡಳು. ಆಮೇಲೆ, “ಕೊರಸಿದ್ದು ಅಳಸಾಕ ಬರ್ತೈತೇನು?” ಅಂದಳು. ನನಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಊಟಕ್ಕೆ ಕೂತೆ.

ಮೊನ್ನೆ ನಾಲತವಾಡಕ್ಕೆ, ಸೋದರತ್ತೆಯ ಮಗಳ ಮನೆಗೆ ಹೋಗಿದ್ದೆ. ಅವಳ ಮದುವೆಗೆ ನಾವು ಕೊಟ್ಟಿದ್ದ ತಂಬಿಗೆಯಲ್ಲೇ ನೀರು ತಂದುಕೊಟ್ಟಳು. ಹೆಬ್ಬೆರಳನ್ನು ‘ಡಾ.’ ಮೇಲಿಟ್ಟುಕೊಂಡು ಕುಡಿದೆ. ಖಾಲಿ ತಂಬಿಗೆಯನ್ನು ಅವಳ ಅತ್ತೆ ನನ್ನ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಒರೆಸಿ, ನನ್ನ ಕಡೆಗೆ ತಿರುಗಿಸಿ ಹಿಡಿದರು.

“ದಿನಾ ತಿಕ್ಕತೇವ್ರಿ. ಅಕ್ಷರ ಒಂಚೂರೂ ಮಾಸಿಲ್ಲ ನೋಡ್ರಿ.”