ಅರ್ಚನೆ ಚೀಟಿ ಎಲ್ಲಿಗೆ ನಿಲ್ಲಬೇಕು?

ಜಯನಗರದ ನಮ್ಮ ದೇವಸ್ಥಾನದಲ್ಲಿ ಅರ್ಚನೆ ಚೀಟಿ ಬರೆಯುವ ಕೆಲಸ ನನ್ನದು. ಪೂಜೆಯ ಹೊತ್ತಿಗೆ ಬರಲಾಗದವರು ಹೆಸರು, ಗೋತ್ರ, ನಕ್ಷತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಚೀಟಿ ತಾನಾಗಿ ಅಚ್ಚಾಗುವಂತೆ ಬಿಳೇಕಹಳ್ಳಿಯ ಒಬ್ಬ ಹುಡುಗಿ ಪ್ರೋಗ್ರಾಂ ಬರೆದುಕೊಟ್ಟಳು.

ಮೊದಲ ದಿನವೇ ಭಟ್ಟರು ಗಟ್ಟಿಯಾಗಿ ಓದಿದರು: "ಕಾಶ್ಯಪ ಗೋತ್ರ, ಸ್ವಾತಿ ನಕ್ಷತ್ರ, ರಮೇಶ, ಲೇಟಾಗಿ ಬರ್ತೀನಿ, ಪ್ರಸಾದ ಎತ್ತಿಡಿ..."

ನಿಂತಿದ್ದವರೆಲ್ಲ ನಕ್ಕರು. ಭಟ್ಟರು ನಗಲಿಲ್ಲ. "ನಾಳೆಯೂ ಹೀಗಾದ್ರೆ ಈ ಮಿಷಿನ್ನು ನನಗೆ ಬೇಡಮ್ಮ" ಅಂದುಬಿಟ್ಟರು. ಹುಡುಗಿಯ ಮುಖ ಸಣ್ಣದಾಯಿತು.

ನನ್ನ ಪಕ್ಕ ಬಂದು ಕೂತಳು. "ಅಂಕಲ್, ಇದಕ್ಕೆ ಓದೋದು ಗೊತ್ತು, ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಿಲ್ಲ. ಒಬ್ಬರು ಒಂದೇ ಹೆಸರು ಕಳಿಸ್ತಾರೆ, ಇನ್ನೊಬ್ಬರು ಮನೆಮಂದಿದೆಲ್ಲಾ. ನೀವು ಹೇಗೆ ನಿಲ್ಲಿಸ್ತೀರಿ?"

ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಸ್ವಲ್ಪ ಯೋಚಿಸಿದೆ.

"ಎದುರು ಬಂದವರು ಹೆಸರು ಹೇಳಿದ್ದಾದ ಮೇಲೆ ದೇವರ ಕಡೆ ತಿರುಗಿ ಕೈ ಮುಗೀತಾರಲ್ಲಮ್ಮ, ಅಲ್ಲಿಗೆ ಪೆನ್ನು ಎತ್ತಿಬಿಡ್ತೀನಿ. ಆಮೇಲಿನದೆಲ್ಲ ನನ್ನ ಹತ್ತಿರ ಹೇಳೋ ಮಾತು."

ಅವಳು ಫೋನಿನಲ್ಲಿ ಮೆಸೇಜುಗಳನ್ನು ನೋಡಿದಳು. ಹೆಚ್ಚುಕಡಿಮೆ ಎಲ್ಲರೂ ಹೆಸರುಗಳಾದ ಮೇಲೆ ಜೋಡಿಸಿದ ಕೈಗಳ ಪುಟ್ಟ ಚಿತ್ರ ಹಾಕಿದ್ದರು. "ಇಲ್ಲೂ ಕೈ ಮುಗಿದಿದ್ದಾರೆ ಅಂಕಲ್!" ಎಂದು ಅಲ್ಲೇ ಕೂತು, ಆ ಚಿತ್ರ ಕಂಡಲ್ಲಿ ನಿಲ್ಲುವಂತೆ ತಿದ್ದಿದಳು. ಮರುದಿನ ಭಟ್ಟರು ಎಲ್ಲೂ ತಡವರಿಸದೆ ಓದಿ, ಅವಳ ಕೈಗೆ ಎರಡು ಹೂವು ಹೆಚ್ಚಿಗೆ ಹಾಕಿದರು.

ಬನಶಂಕರಿಯ ಒಬ್ಬ ಅಜ್ಜಿ ಮಾತ್ರ ಮೊದಲು ಕೈ ಮುಗಿದು ಆಮೇಲೆ ಹೆಸರು ಬರೆಯುತ್ತಾರೆ. ಅವರ ಚೀಟಿ ಖಾಲಿ ಬರುತ್ತದೆ. ದೇವರಿಗೆ ಮೊದಲು ನಮಸ್ಕಾರ ಮಾಡುವವರನ್ನು ತಿದ್ದಲು ನಾನು ಯಾರು? ಅದೊಂದು ಚೀಟಿಯನ್ನು ಈಗಲೂ ನಾನೇ ಬರೆಯುತ್ತೇನೆ.