ಜೆಟ್ಟಿನ ತೂತಿಗೊಂದು ತಾಮ್ರದ ಎಳೆ

ನಮ್ಮ ಕಡೆ ಬೈಕು ಕಂಡರೆ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಕೊಡ್ತದೆ?’ ಬ್ರೇಕು ಹಿಡಿಯುತ್ತದೋ ಇಲ್ಲವೋ ಯಾರಿಗೂ ಬೇಡ. ಹೊನ್ನಾವರದಲ್ಲಿ ಗ್ಯಾರೇಜು ಇಟ್ಟು ವರ್ಷಗಟ್ಟಲೆ ಆಯಿತು. ಭಟ್ಕಳದಿಂದ ಕುಮಟಾವರೆಗಿನ ಮೈಲೇಜು ಹುಚ್ಚರನ್ನೆಲ್ಲ ನೋಡಿದ್ದೇನೆ. ಅವರ ಪರೀಕ್ಷೆಯೇ ಒಂದು ತಮಾಷೆ. ಗ್ಲೂಕೋಸ್ ಬಾಟಲಿಗೆ ಅರ್ಧ ಲೀಟರ್ ಪೆಟ್ರೋಲು ತುಂಬಿ, ಹ್ಯಾಂಡಲ್ಲಿಗೆ ನೇತುಹಾಕಿ, ಸಪಾಟು ಹೆದ್ದಾರಿಯಲ್ಲಿ ದಿಬ್ಬಣದವರ ಹಾಗೆ ನಿಧಾನ ಹೋಗುವುದು. ಬಾಟಲಿ ಖಾಲಿಯಾದಲ್ಲಿ ನಿಂತು ಲೋಕ ಗೆದ್ದವರಂತೆ ನನಗೆ ಫೋನು.

ಇವರಲ್ಲೆಲ್ಲ ದೊಡ್ಡ ಹುಚ್ಚ ಹೊಳೆಯಾಚೆಯ ಕಾಸರಕೋಡದ ಮೀನು ಮಾರುವವ. ನನಗಿಂತ ಹಿರಿಯ. ಅವನ ಹಳೇ ಟೂ ಸ್ಟ್ರೋಕ್ ಬೈಕು ಹಿಂದೆ ಮೀನಿನ ಪೆಟ್ಟಿಗೆ ಹೊತ್ತು ದಿನಾ ಗುಡ್ಡದೂರುಗಳಿಗೆ ಏರಬೇಕು.

‘ಇನ್ನೂ ಸ್ವಲ್ಪ ಕಮ್ಮಿ ಕುಡಿಯೂ ಹಾಂಗೆ ಮಾಡು, ತಮಾ’ ಎಂದ.

ಈ ಎಂಜಿನ್ನಿಗೆ ಆಯಿಲು ಹೋಗುವುದೇ ಪೆಟ್ರೋಲಿನ ಜೊತೆ, ಪೆಟ್ರೋಲು ಕಡಿಮೆ ಮಾಡಿದರೆ ಏರಿನಲ್ಲಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ ಎಂದೆ.

‘ನಿಂಗೆ ಬರೂದಿಲ್ಲ ಅಂದ್ರೆ ಹೇಳು. ಕುಮಟಾಕ್ಕೆ ಹೋಗ್ತೆ.’

ನನಗೆ ಬರುವುದಿಲ್ಲವಂತೆ! ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲು ಹಾಯುವ ಜೆಟ್ಟಿನ ತೂತಿಗೆ ತಾಮ್ರದ ಒಂದು ಎಳೆ ಸಿಕ್ಕಿಸಿದೆ. ಕಿಡಿ ಹಾರುವ ಟೈಮಿಂಗನ್ನೂ ಕೂದಲೆಳೆಯಷ್ಟು ಮುಂದೆ ತಂದೆ. ಖಾಲಿ ಬೈಕಿನಲ್ಲಿ, ಬಾಟಲಿ ನೇತುಹಾಕಿಕೊಂಡು, ಕುಮಟಾ ದಾಟಿ ಹೋದ. ಇಬ್ಬರೂ ಬೀಗಿದೆವು.

ಆ ವಾರವೇ ಗೇರುಸೊಪ್ಪೆ ಕಡೆಯ ಒಂದು ಮನೆಯ ಬೀಗರೂಟಕ್ಕೆ ಮೀನು ಒಪ್ಪಿಕೊಂಡಿದ್ದ. ಅವನಿಗೆ ಅಂಥ ದೊಡ್ಡ ಮನೆ ಸಿಕ್ಕಿದ್ದು ಅದೇ ಮೊದಲು. ಇದೊಂದು ಸರಿಹೋದರೆ ಆ ಊರೇ ಅವನ ಗಿರಾಕಿ. ಎರಡು ಪೆಟ್ಟಿಗೆ ಕಟ್ಟಿಕೊಂಡು ಹೊರಟವನ ಬೈಕು ಏರಿನ ಅರ್ಧದಲ್ಲೇ ಜಾಮ್ ಆಯಿತು. ಫೋನು ಬಂದು ನಾನು ಅಲ್ಲಿಗೆ ಮುಟ್ಟುವಾಗ ನಡುಹಗಲು. ಐಸು ಕರಗಿ ನೀರಾಗಿ ಸೋರುತ್ತಿತ್ತು, ಬಂಗಡೆ ಮೆತ್ತಗಾಗಿ ವಾಸನೆ ಹಿಡಿದಿತ್ತು.

ಅವನ ಫೋನಿನಲ್ಲಿ ಆ ಮನೆಯ ಹೆಂಗಸು ಕೂಗುತ್ತಿದ್ದಳು: ‘ಮಸಾಲೆ ಅರೆದು ಕೂತು ಎಷ್ಟ್ ಹೊತ್ತಾತು! ನಿಮ್ಮ ಮೀನು ಬೇಡ, ಕೋಳಿ ತರಿಸಿ ಆತು. ಇನ್ನು ಈ ಬದಿಗೆ ಬರೂದೇ ಬೇಡ.’

ಅವನು ಫೋನು ಜೇಬಿಗಿಟ್ಟು ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ. ಪೆಟ್ರೋಲು ಬೇಕಾದಷ್ಟಿತ್ತು.

ನನ್ನ ಬಾಯಿ ಸುಮ್ಮನಿರಬೇಕಲ್ಲ. ‘ನಾನು ಅಂದೇ ಹೇಳಿದ್ದೆ’ ಎಂದೆ.

‘ಹೇಳಿದ್ದೆ, ತಮಾ’ ಎಂದ. ‘ನಂಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಆ ಎಳೆ ಎಂತಕ್ಕೆ ಹಾಕ್ದೆ?’

ನಾನು ಪೆಟ್ಟಿಗೆಯ ಹಗ್ಗ ಬಿಚ್ಚಿದೆ. ಅವನು ಪೆಟ್ಟಿಗೆಯ ಒಂದು ತುದಿ ಹಿಡಿದ, ನಾನು ಇನ್ನೊಂದು ಹಿಡಿದೆ. ಮೀನನ್ನು ರಸ್ತೆ ಬದಿಯ ಹೊಂಡಕ್ಕೆ ಸುರಿದೆವು.